ಕೆಂಪು ನಕ್ಷತ್ರ ಬಿಸಿಯೋ, ನೀಲಿ ಬಿಸಿಯೋ?

ಪ್ರಥಮ ಪಿಯುಸಿ ಮಕ್ಕಳಿಗೆ ವೀನ್ ನಿಯಮ ಹೇಳಿಕೊಟ್ಟಿದ್ದೆ: ವಸ್ತು ಬಿಸಿಯಾದಷ್ಟೂ ಅದು ಅತಿ ಹೆಚ್ಚು ಬೆಳಗುವ ತರಂಗಾಂತರ ಚಿಕ್ಕದಾಗುತ್ತದೆ, ಅಂದರೆ ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ. ಲೆಕ್ಕ ಎಲ್ಲರೂ ಸರಿಯಾಗಿ ಮಾಡಿದರು. ಆದರೆ ಯಾವ ನಕ್ಷತ್ರ ಜಾಸ್ತಿ ಬಿಸಿ ಅಂತ ಕೇಳಿದರೆ ಮುಕ್ಕಾಲು ತರಗತಿ ‘ಕೆಂಪು’ ಎಂದಿತು. ಬಚ್ಚಲ ನಲ್ಲಿಯಲ್ಲಿ ಕೆಂಪು ಗುರುತು ಬಿಸಿನೀರಿಗೆ, ನೀಲಿ ತಣ್ಣೀರಿಗೆ ಅಲ್ವಾ? ಅದೇ ಮನಸ್ಸಲ್ಲಿ ಕೂತಿತ್ತು. ಇನ್ನೂ ನಾಲ್ಕು ಲೆಕ್ಕ ಕೊಟ್ಟೆ. ಪ್ರಯೋಜನ ಆಗಲಿಲ್ಲ.

ಕೊನೆಗೆ ಅವರನ್ನು ಊರಿನ ಕುಲುಮೆಗೆ ಕರೆದುಕೊಂಡು ಹೋದೆ. ತೋಟದ ಕತ್ತಿಗಳನ್ನು ಹದ ಮಾಡುವ ಜಾಗ ಅದು. ಕಬ್ಬಿಣ ಮೊದಲು ಮಂಕು ಕೆಂಪಾಯಿತು. ತಿದಿ ಒತ್ತಿದಂತೆ ಕಿತ್ತಳೆ, ಆಮೇಲೆ ಹಳದಿ. “ಈಗ ಯಾವುದು ಜಾಸ್ತಿ ಬಿಸಿ?” ಅಂದೆ. ಒಬ್ಬರೂ ತಪ್ಪಲಿಲ್ಲ. ನೀಲಿ ಬಣ್ಣಕ್ಕೆ ಬರುವ ಎಷ್ಟೋ ಮೊದಲೇ ಕಬ್ಬಿಣ ಕರಗಿಬಿಡುತ್ತದೆ. ನಕ್ಷತ್ರಕ್ಕೆ ಆ ತೊಂದರೆ ಇಲ್ಲ.

ಮಡಿಕೇರಿ ಕಡೆ ಮಳೆಗಾಲದಲ್ಲಿ ಆಕಾಶ ಕಾಣುವುದೇ ಅಪರೂಪ. ಅದಕ್ಕೇ ಜನವರಿವರೆಗೆ ಕಾದೆ. ಕಾಫಿ ಒಣಗಿಸುವ ಕಣದಲ್ಲಿ ನಿಂತು ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನನ್ನು (ಓರಿಯನ್) ತೋರಿಸಿದೆ. ಭುಜದಲ್ಲಿ ಕೆಂಪು ಆರಿದ್ರಾ, ಸುಮಾರು 3500 ಕೆಲ್ವಿನ್. ಪಾದದಲ್ಲಿ ನೀಲಿ-ಬಿಳಿ ರೀಗಲ್, ಸುಮಾರು 12000. ಆರಿದ್ರಾ ಮಳೆಯ ಹೆಸರನ್ನು ಚಿಕ್ಕಂದಿನಿಂದ ಕೇಳಿದ್ದ ಮಕ್ಕಳು ಆ ನಕ್ಷತ್ರವನ್ನೇ ಕಂಡಾಗ ಪಟ್ಟ ಖುಷಿ ನನಗೆ ತುಂಬ ದೊಡ್ಡದು.

ಟಾರ್ಚ್ ಬೆಳಕಲ್ಲೇ ವೀನ್ ನಿಯಮದ ಸ್ಥಿರಾಂಕ 2898ನ್ನು ನಕ್ಷತ್ರದ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದೆವು; ತರಂಗಾಂತರ ಮೈಕ್ರೋಮೀಟರಿನಲ್ಲಿ ಬರುತ್ತದೆ, ಸಾವಿರದಿಂದ ಗುಣಿಸಿದರೆ ನ್ಯಾನೋಮೀಟರ್. ಆರಿದ್ರಾ ಅತಿ ಹೆಚ್ಚು ಬೆಳಗುವುದು 830 ನ್ಯಾನೋಮೀಟರ್ ಹತ್ತಿರ, ಅಂದರೆ ಅವಕೆಂಪಿನಲ್ಲಿ. ರೀಗಲ್ 240ರ ಹತ್ತಿರ, ಅತಿನೇರಳೆಯಲ್ಲಿ. “ಸೂರ್ಯನದು 500 ಬರುತ್ತೆ ಸರ್, ಅದು ಹಸಿರಿನ ಹತ್ತಿರ. ಹಾಗಾದರೆ ಹಸಿರಾಗಿ ಯಾಕೆ ಕಾಣಲ್ಲ?” ಎಂದ ಒಬ್ಬ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ಹೇಳಿದಳು: “ಉಳಿದ ಬಣ್ಣಗಳೂ ಜೊತೆಗೇ ಬರುತ್ತವಲ್ಲ, ಬೆರೆತು ಬಿಳಿ ಆಗುತ್ತೆ.”