ಹಳೆಯ ಡೈವ್ ಕಂಪ್ಯೂಟರನ್ನು ಅಡಿಕೆ ತೋಟದಲ್ಲೇ ಪರೀಕ್ಷಿಸಿ ಕೊಂಡದ್ದು: ನನ್ನ ಅನುಭವ

ಸುಮಾರು 11,500 ರೂಪಾಯಿ ಕೊಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಕ್ರೆಸಿ ಲಿಯೊನಾರ್ಡೊ ಡೈವ್ ಕಂಪ್ಯೂಟರ್ ನನ್ನ ಕೈಯಲ್ಲಿ ಈಗ 40ಕ್ಕೂ ಹೆಚ್ಚು ಡೈವ್‌ಗಳನ್ನು ಮುಗಿಸಿದೆ. ನೀರಿನಡಿ ಆಳ, ಸಮಯ, ಮೈಗೆ ಸೇರುವ ಸಾರಜನಕದ ಲೆಕ್ಕ ಇಡುವ, ಕೈಗೆ ಕಟ್ಟುವ ಯಂತ್ರವಿದು. ಕೊಳ್ಳುವಾಗ ಇದನ್ನು ಒಪ್ಪಿದವರು ಯಾರೂ ಇರಲಿಲ್ಲ. ಹಳೆಯದನ್ನು ನಂಬಿ ನೀರಿಗಿಳಿಯಬಾರದು, ದುಡ್ಡು ಕೂಡುವವರೆಗೆ ಬಾಡಿಗೆಯದನ್ನೇ ಬಳಸಬೇಕು ಎಂದು ಮುರುಡೇಶ್ವರದಲ್ಲಿ ನನಗೆ ಡೈವಿಂಗ್ ಕಲಿಸಿದವರೂ, ಜೊತೆಗೆ ಕಲಿತವರೂ ಹೇಳಿದ್ದರು. ಹಳೆಯದನ್ನು ಪರೀಕ್ಷಿಸದೆ ನಂಬಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಪರೀಕ್ಷೆಯನ್ನು ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ಕುಳಿತೇ ಮಾಡಬಹುದು ಎಂಬುದು ನನ್ನ ವಾದವಾಗಿತ್ತು, ಮತ್ತು ಅದು ಸರಿಯಾಯಿತು.

ಅಲ್ಲಿಗೆ ತಲುಪುವ ಮೊದಲು ಎರಡು ಸಲ ದುಡ್ಡು ಕಳೆದುಕೊಂಡೆ. ಕೋರ್ಸ್ ಮುಗಿಸಿದ ಹುರುಪಿನಲ್ಲಿ, 50 ಮೀಟರ್ ನೀರು ತಡೆಯುತ್ತದೆ ಎಂದು ಬರೆದಿದ್ದ ಒಂದು ಸ್ಮಾರ್ಟ್ ವಾಚನ್ನು 6,500 ರೂಪಾಯಿಗೆ ತರಿಸಿದೆ. ಆ 50 ಮೀಟರ್ ಎಂಬುದು ಅಲುಗಾಡದ ನೀರಿನ ಒತ್ತಡವನ್ನು ತಡೆಯುವ ಮಾತೇ ಹೊರತು ಅಷ್ಟು ಆಳಕ್ಕೆ ಧುಮುಕುವ ಮಾತಲ್ಲ. ಅದರಲ್ಲಿ ಆಳ ಅಳೆಯುವ ಸೆನ್ಸರ್ ಕೂಡ ಇರಲಿಲ್ಲ. ಎರಡನೆಯದು ನಿಜವಾದ ಡೈವ್ ಕಂಪ್ಯೂಟರೇ, 9,000 ರೂಪಾಯಿ. ಮೇಜಿನ ಮೇಲೆ ಎಲ್ಲವೂ ಸರಿಯಾಗಿತ್ತು, ಬಟನ್ ಒತ್ತಿದರೆ ಶಬ್ದ ಬರುತ್ತಿತ್ತು, ಹಳೆಯ ಲಾಗ್ ಕಾಣುತ್ತಿತ್ತು. ನೇತ್ರಾಣಿ ದ್ವೀಪದಲ್ಲಿ ಬಂಡೆಯ ಪಕ್ಕ ಇಳಿದಾಗ ಬೋಧಕರ ಕಂಪ್ಯೂಟರ್ 9 ಮೀಟರ್ ತೋರಿಸುತ್ತಿದ್ದರೆ ನನ್ನದು 4 ಮೀಟರಿನಲ್ಲೇ ನಿಂತಿತ್ತು. ಅವರು ಕೈಸನ್ನೆ ಮಾಡಿ ನನ್ನನ್ನು ತಮ್ಮ ಪಕ್ಕಕ್ಕೆ ಕರೆದುಕೊಂಡರು. ಉಳಿದ ಡೈವ್ ಪೂರ್ತಿ ಅವರ ಕೈ ನೋಡಿಕೊಂಡೇ ಕಳೆಯಿತು. ಮನೆಗೆ ತಂದು ಬಿಚ್ಚಿದರೆ, ಸೆನ್ಸರಿನ ಮುಂದಿನ ಸಣ್ಣ ತೂತುಗಳಲ್ಲಿ ಉಪ್ಪು ಕಲ್ಲಿನಂತೆ ಕಟ್ಟಿಕೊಂಡಿತ್ತು, ಸೆಲ್ ಮುಚ್ಚಳದ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಚಪ್ಪಟೆಯಾಗಿತ್ತು, ಸ್ಪ್ರಿಂಗಿನ ತುದಿ ಹಸಿರುಗಟ್ಟಿತ್ತು. ಮಾರಿದವರು ಹಣ ಹಿಂದಿರುಗಿಸಲಿಲ್ಲ.

ಮೇಜಿನ ಮೇಲೆ ಇಟ್ಟು ನೋಡಿ ಡೈವ್ ಕಂಪ್ಯೂಟರ್ ಕೊಳ್ಳುವುದು ವ್ಯರ್ಥ ಎಂಬುದು ಅಂದು ಮನದಟ್ಟಾಯಿತು. ಒತ್ತಡ ಬೀಳದೆ ಸೆನ್ಸರಿನ ಬಣ್ಣ ಬಯಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ದೋಣಿ ಇಳಿಯುವುದಿಲ್ಲವಾದ್ದರಿಂದ, ಆ ಮಳೆಗಾಲವನ್ನು ನಾನು ಇದಕ್ಕೇ ಮೀಸಲಿಟ್ಟೆ.

ಮೊದಲು ತೋಟದ ಬಾವಿಯಲ್ಲಿ ಪ್ರಯತ್ನಿಸಿದೆ. ನೈಲಾನ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ಕಲ್ಲು ಕಟ್ಟಿ ಇಳಿಸಿದರೆ ಹಗ್ಗವೇ ಹಿಗ್ಗಿ ಲೆಕ್ಕ ತಪ್ಪಿತು. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಟೇಪಿನಲ್ಲಿ ಅಳೆದು ಗುರುತು ಹಾಕಿದ ಮೇಲೆ ಅದು ಸರಿಹೋಯಿತು. ಬಾವಿಯಲ್ಲಿ ಆಗ ಸುಮಾರು 6 ಮೀಟರ್ ನೀರಿತ್ತು. ಪರೀಕ್ಷೆಗೆ ಇಳಿಸಿದ ಬೇರೊಂದು ಕಂಪ್ಯೂಟರಿನ ಲಾಗ್ 5.8 ಎಂದಿತು. ಸಮುದ್ರದ ನೀರಿಗೆ ಹೊಂದಿಸಿದ ಯಂತ್ರ ಸಿಹಿನೀರಿನಲ್ಲಿ ನೂರಕ್ಕೆ ಸುಮಾರು ಮೂರರಷ್ಟು ಕಡಿಮೆ ತೋರಿಸುವುದರಿಂದ ಅದು ಸರಿಯಾದ ಉತ್ತರವೇ. ಆದರೆ ಬಾವಿಯಲ್ಲಿ ಪರದೆ ಕಣ್ಣಿಗೆ ಕಾಣುವುದಿಲ್ಲ, ಮತ್ತು 6 ಮೀಟರಿನ ಪರೀಕ್ಷೆ 18 ಮೀಟರಿಗೆ ಜಾಮೀನಾಗುವುದಿಲ್ಲ.

ಆಗ ಹೊಳೆದದ್ದು ಮನೆಬಳಕೆಯ ವಾಟರ್ ಫಿಲ್ಟರಿನ ಪಾರದರ್ಶಕ ಹೌಸಿಂಗ್. ಸುಮಾರು 600 ರೂಪಾಯಿಗೆ ಸಿಗುವ ಇದರೊಳಗೆ ಪಟ್ಟಿ ಬಿಚ್ಚಿದ ಕಂಪ್ಯೂಟರ್ ಕಷ್ಟಪಟ್ಟು ಹಿಡಿಸುತ್ತದೆ. ಒಂದು ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್, ಇನ್ನೊಂದಕ್ಕೆ ಒತ್ತಡದ ಗೇಜ್ ಕೂರಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಬೇಕು. ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡವೆಂದರೆ 10 ಮೀಟರ್ ಸಿಹಿನೀರು. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿನ ಗೇಜನ್ನೇ ಮೊದಲು ಜೋಡಿಸಿದ್ದೆ. ಅದನ್ನು ಕಂಡ ಭಾವ, "ಇದೆಂಥದು ಮಾರಾಯಾ, ಔಷಧಿ ಹೊಡೆಯುವ ಗೇಜಿನಲ್ಲಿ ಸಮುದ್ರದ ಆಳ ಸಿಗುತ್ತದೆಯೇ?" ಎಂದರು. ಸಿಗಲಿಲ್ಲ. ಹತ್ತಾರು ಕಿಲೋ ಒತ್ತಡ ಅಳೆಯುವ ಆ ಗೇಜಿನ ಮುಳ್ಳು ಎರಡು ಕಿಲೋಗೆ ಜಾಗ ಬಿಟ್ಟು ಏಳುವುದೇ ಇಲ್ಲ. ಶಿವಮೊಗ್ಗಕ್ಕೆ ಹೋಗಿ 0ಯಿಂದ 4 ಕಿಲೋವರೆಗಿನ ಗೇಜನ್ನು 350 ರೂಪಾಯಿಗೆ ತಂದೆ. ಬಾವಿಯಲ್ಲಿ ಅಳೆದ ಅಂಕಿಯೊಂದಿಗೆ ತಾಳೆ ನೋಡಿ ಅದರ ನಿಖರತೆಯನ್ನೂ ಖಚಿತಪಡಿಸಿಕೊಂಡೆ.

ಹೌಸಿಂಗನ್ನು ಕಂಠಪೂರ್ತಿ ನೀರಿನಿಂದ ತುಂಬಿ ಎರಡು ಬೆರಳಿನಷ್ಟು ಮಾತ್ರ ಗಾಳಿಗೆ ಜಾಗ ಬಿಡಬೇಕು. ಗಾಳಿ ಹೆಚ್ಚಿದ್ದು ಪ್ಲಾಸ್ಟಿಕ್ ಒಡೆದರೆ ಚೂರುಗಳು ಸಿಡಿಯುತ್ತವೆ. ನಾನು 3 ಕಿಲೋ ದಾಟಿಸಿದ್ದೇ ಇಲ್ಲ, ಕನ್ನಡಕವಿಲ್ಲದೆ ಪಂಪ್ ಮುಟ್ಟಿದ್ದೂ ಇಲ್ಲ. ವಾಲ್ವಿನ ಬುಡದಲ್ಲಿ ಗಾಳಿ ಸೋರದಂತೆ ಕೂರಿಸುವ ಬಗೆಯನ್ನು ಕಂಡುಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಟೆಫ್ಲಾನ್ ಟೇಪ್ ಒಂದೇ ಸಾಲದು ಎಂದಷ್ಟೇ ಹೇಳುತ್ತೇನೆ.

ಲಿಯೊನಾರ್ಡೊ ಕೈಗೆ ಬಂದಾಗ, ಒಪ್ಪಿಗೆಯಾಗದಿದ್ದರೆ ಮೂರು ದಿನದೊಳಗೆ ಹಿಂದಿರುಗಿಸುವ ಷರತ್ತಿನ ಮೇಲೆ ತಂದಿದ್ದೆ. ಒಂದು ಕಿಲೋಗೆ 9.8, ಎರಡಕ್ಕೆ 19.5, ಮೂರಕ್ಕೆ 29ರ ಆಸುಪಾಸು ತೋರಿಸಿತು. ಎರಡು ಕಿಲೋದಲ್ಲಿ 20 ನಿಮಿಷ ಬಿಟ್ಟೆ. ಅಂಕಿ ಕದಲಲಿಲ್ಲ, ಉಳಿದ ನೋ-ಡೆಕೊ ನಿಮಿಷಗಳು (ನಡುವೆ ತಂಗದೆ ನೇರ ಮೇಲೇರಬಹುದಾದಷ್ಟು ಸಮಯ) ಒಂದೊಂದಾಗಿ ಇಳಿಯುತ್ತಿದ್ದವು. ಬಳಿಕ ವಾಲ್ವಿನ ಪಿನ್ನನ್ನು ಉಗುರಿನಿಂದ ಸ್ವಲ್ಪವೇ ಒತ್ತಿ, ಒಂದು ನಿಮಿಷದಲ್ಲಿ ಮುಕ್ಕಾಲು ಕಿಲೋದಂತೆ ಇಳಿಸಿದಾಗ ಯಂತ್ರ ಸುಮ್ಮನಿತ್ತು; ಪಿನ್ನನ್ನು ಪೂರ್ತಿ ಒತ್ತಿದೊಡನೆ ವೇಗವಾಗಿ ಮೇಲೇರುತ್ತಿದ್ದೀಯೆಂದು ಕೂಗಿಕೊಂಡಿತು. ಪಂಪ್‌ಹೌಸಿನ ತಗಡಿನ ಮೇಲೆ ಮಳೆ ಸುರಿಯುತ್ತಿದ್ದರೂ ಆ ಕೂಗು ಸ್ಪಷ್ಟವಾಗಿ ಕೇಳಿಸಿತು. ಅಂದೇ ಹಣ ಕಳಿಸಿದೆ. ಒಂದು ಎಚ್ಚರಿಕೆ: ಈ ಪರೀಕ್ಷೆಯನ್ನು ಯಂತ್ರ ನಿಜವಾದ ಡೈವ್ ಎಂದೇ ಭಾವಿಸಿ ಸಾರಜನಕದ ಲೆಕ್ಕ ಇಟ್ಟುಕೊಳ್ಳುತ್ತದೆ. ಆಳ, ಸಮಯ ಮಾತ್ರ ತೋರಿಸುವ ಗೇಜ್ ಮೋಡಿನಲ್ಲಿ ಮಾಡಿದರೆ ಹಲವು ಕಂಪ್ಯೂಟರುಗಳು ಒಂದೆರಡು ದಿನ ಡೈವ್ ಮೋಡಿಗೆ ಮರಳುವುದೇ ಇಲ್ಲ. ಆದ್ದರಿಂದ ಸಮುದ್ರಕ್ಕೆ ಹೋಗುವ ವಾರದಲ್ಲಿ ನಾನು ಅದನ್ನು ಮುಟ್ಟುವುದಿಲ್ಲ.

ಇದೇ ಮಾದರಿಯನ್ನು ಏಕೆ ಆರಿಸಿದೆ ಎಂದರೆ, ಆಲ್ಗರಿದಮಿನ (ಸಾರಜನಕದ ಲೆಕ್ಕ ಹಾಕುವ ಸೂತ್ರದ) ಚರ್ಚೆಯನ್ನು ನಾನು ಬೇಗ ಕೈಬಿಟ್ಟಿದ್ದೆ. ಹೊಸಬರಾದ ನಮಗೆ ಮೊದಲು ಮುಗಿಯುವುದು ಗಾಳಿ, ನೋ-ಡೆಕೊ ಸಮಯವಲ್ಲ. 11 ಲೀಟರಿನ ಸಿಲಿಂಡರಿನಲ್ಲಿ 150 ಬಾರ್ ಬಳಸಿದರೆ 1,650 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು 15 ಮೀಟರಿನಲ್ಲಿ 50 ಲೀಟರ್ ಎಳೆಯುತ್ತಾನೆ, ಅಂದರೆ 33 ನಿಮಿಷ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಕೋಷ್ಟಕ 16 ಮೀಟರಿಗೆ ಕೊಡುವ ನೋ-ಡೆಕೊ ಸಮಯ 72 ನಿಮಿಷ. ಎರಡನೆಯ ಡೈವಿಗೆ ಆ ಮಿತಿ ಕುಗ್ಗಿದರೂ ಲಿಯೊನಾರ್ಡೊದಂತಹ ಬಿಗಿಯಾದ ಲೆಕ್ಕದ ಯಂತ್ರ ಕೂಡ ನನ್ನನ್ನು ಬೇಗ ಮೇಲಕ್ಕೆ ಕರೆದದ್ದಿಲ್ಲ. ಶಿಯರ್‌ವಾಟರ್ ಪೆರೆಗ್ರಿನ್ ಎಂಬ ದುಬಾರಿ ಕಂಪ್ಯೂಟರ್ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಹಾಕುವ ಹೆಚ್ಚಿನ ಹಣದಲ್ಲಿ ನಾನು ಐದಾರು ಸಲ ದೋಣಿ ಹತ್ತಬಲ್ಲೆ.

ನಾನು ಹೆಚ್ಚು ಯೋಚಿಸಿದ್ದು ಸೆಲ್ಲಿನ ಬಗ್ಗೆ. ಮಾರೆಸ್ ಪಕ್ ಪ್ರೊ, ಸುಂಟೊ ಝೂಪ್ ನೊವೊ ಎಂಬ ಇನ್ನೆರಡು ಮಾದರಿಗಳಿಗೂ ಸಿಆರ್ 2450 ಎಂಬ ನಾಣ್ಯದಾಕಾರದ ಸೆಲ್ ಬೇಕು, ಲಿಯೊನಾರ್ಡೊಗೆ ಸಿಆರ್ 2430. ಊರಿನ ಅಂಗಡಿಗಳಲ್ಲಿ ಕೇಳಿದರೆ ಕೈಗೆ ಬರುವುದು 2032. ಶಿವಮೊಗ್ಗದಲ್ಲಿ ನಾಲ್ಕು ವಾಚ್ ಅಂಗಡಿ ತಿರುಗಿದ ಮೇಲೆ ಒಂದೇ ಕಡೆ 2430 ಸಿಕ್ಕಿತು. ಈ ಮೂರರಲ್ಲೂ ಸೆಲ್ಲನ್ನು ನಾವೇ ಬದಲಿಸಬಹುದೆಂಬುದೇ ಮುಖ್ಯ. ಕಂಪನಿಯ ಸರ್ವೀಸಿಗೆ ಕಳಿಸಲೇಬೇಕಾದ ವಾಚ್ ಮಾದರಿಗಳನ್ನು ಮಲೆನಾಡಿನವರು ಕೊಳ್ಳಬಾರದು. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಬೇಕು, ಅದೂ ತೆಳುವಾಗಿ.

ಓದಲು ಬರುತ್ತದೆಯೇ ಎಂಬುದಕ್ಕೆ ಇನ್ನೊಂದು ಪ್ರಯೋಗ ಮಾಡಿದ್ದೆ. ಜುಲೈ ತಿಂಗಳ ಹಳ್ಳದ ಕೆಂಪು ನೀರನ್ನು ಬಕೆಟಿಗೆ ತುಂಬಿ, ನಾನು ಮತ್ತು ಸ್ನೇಹಿತರು ಕೂಡಿಸಿದ ನಾಲ್ಕು ಕಂಪ್ಯೂಟರುಗಳನ್ನು ಒಂದೊಂದಾಗಿ ಇಳಿಸಿ, ಓದುವ ಕನ್ನಡಕ ತೆಗೆದು ನೋಡಿದೆ. ವಾಚ್ ಗಾತ್ರದ ಎರಡರ ಅಂಕಿಗಳು ಮೊದಲೇ ಮರೆಯಾದವು. ನಲವತ್ತು ದಾಟಿದವರು ಅಗಲ ಪರದೆಯದ್ದನ್ನೇ ಕೊಳ್ಳಲಿ.

ಘಟ್ಟದ ವಿಷಯವನ್ನು ಕರಾವಳಿಯವರು ಯೋಚಿಸಬೇಕಾಗಿಲ್ಲ, ನಾವು ಯೋಚಿಸಬೇಕು. ಡೈವ್ ಆದ ಮೇಲೆ ಬೇಗನೆ ಎತ್ತರಕ್ಕೇರಿದರೆ ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಡೈವಿಂಗ್ ಸುರಕ್ಷತಾ ಸಂಸ್ಥೆ ಡೈವ್ ನಂತರದ ವಿಮಾನಯಾನಕ್ಕೆ ಹೇಳುವ ಕಾಯುವಿಕೆ (ಒಂದೇ ಡೈವಿಗೆ 12 ಗಂಟೆ, ಹಲವು ಡೈವಿಗೆ 18) 2,000 ಅಡಿ, ಅಂದರೆ ಸುಮಾರು 610 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಸಾಗರ ಸುಮಾರು 590 ಮೀಟರಿನಲ್ಲಿದೆ. ಗಡಿಗೆ ಇಷ್ಟು ಹತ್ತಿರವಿರುವಾಗ ಗೇರುಸೊಪ್ಪೆಯ ಘಟ್ಟವನ್ನು ಸಂಜೆಯೇ ಹತ್ತುವ ಧೈರ್ಯ ನಾನು ಮಾಡುವುದಿಲ್ಲ. 1,200 ರೂಪಾಯಿ ಕೊಟ್ಟು ಹೊನ್ನಾವರದಲ್ಲಿ ಉಳಿದು, ಪರದೆಯಿಂದ, ಇನ್ನೂ ಹಾರಬೇಡ ಎನ್ನುವ ವಿಮಾನದ ಚಿಹ್ನೆ ಮಾಯವಾದ ಮೇಲೆಯೇ ಹೊರಡುತ್ತೇನೆ. ಡೈವ್ ಮಾಡಿದ ಮರುದಿನವೇ ಕೊಡಚಾದ್ರಿಗೆ ಹೊರಟಿದ್ದ ಇಬ್ಬರನ್ನು ಇದೇ ಕಾರಣಕ್ಕೆ ತಡೆದಿದ್ದೇನೆ.

ಮೊದಲ ನಾಲ್ಕು ಡೈವ್‌ಗಳಲ್ಲಿ ಬಾಡಿಗೆಯ ಕಂಪ್ಯೂಟರನ್ನೂ ಜೊತೆಗೆ ಕಟ್ಟಿಕೊಂಡಿದ್ದೆ. ಎರಡರ ನಡುವಿನ ವ್ಯತ್ಯಾಸ 0.2 ಮೀಟರ್ ದಾಟಲಿಲ್ಲ. ಆ ಅಂಕಿಗಳನ್ನು ಕಂಡ ಬೋಧಕರು ತಮ್ಮ ಶಿಷ್ಯರೊಬ್ಬರು ಕೊಳ್ಳಲಿದ್ದ ಹಳೆಯ ಕಂಪ್ಯೂಟರನ್ನು ನನ್ನ ಬಳಿಗೇ ಕಳಿಸಿದರು. ಇದುವರೆಗೆ ಏಳನ್ನು ಪರೀಕ್ಷಿಸಿ ಮೂರನ್ನು ಬೇಡವೆಂದಿದ್ದೇನೆ. ಒಪ್ಪಿದ ನಾಲ್ಕೂ ಇಂದಿಗೂ ನೀರಿನಲ್ಲಿವೆ. ಕಳೆದುಕೊಂಡ ಎರಡನ್ನೂ ಸೇರಿಸಿದರೆ ನನಗೆ ಒಟ್ಟು 28,000 ರೂಪಾಯಿಯಷ್ಟು ಖರ್ಚಾಗಿದೆ, ಅಷ್ಟರಲ್ಲಿ ಹೊಸದೇ ಬರುತ್ತಿತ್ತು. ಆದರೆ ನನ್ನ ನಂತರ ಕೊಂಡ ತೀರ್ಥಹಳ್ಳಿಯ ಸ್ನೇಹಿತರಿಗೆ ತಗುಲಿದ್ದು 10,000 ಮಾತ್ರ, ಮತ್ತು ಅವರ ಯಂತ್ರ ನನ್ನದಕ್ಕಿಂತ ಎರಡು ವರ್ಷ ಹೊಸದು.