ಹಿಲರಿ ಕಡೆಯವಳಾಗಿ ಒಬಾಮಾಗೆ ಮತ ಕೇಳಿದ್ದು

2008ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ (ರಾಜ್ಯ ರಾಜ್ಯವಾಗಿ ನಡೆಯುವ ಪಕ್ಷದ ಒಳಚುನಾವಣೆ) ಮಾರ್ಚ್ 11ರ ಮಿಸ್ಸಿಸ್ಸಿಪ್ಪಿ ಮುಗಿದ ಮೇಲೆ ಏಪ್ರಿಲ್ 22ರ ಪೆನ್ಸಿಲ್ವೇನಿಯಾ ತನಕ ಬೇರೆಲ್ಲೂ ಮತದಾನವಿರಲಿಲ್ಲ. ಆರು ವಾರ ಇಡೀ ದೇಶದ ಜಗಳ ಫಿಲಡೆಲ್ಫಿಯಾ ಸುತ್ತಲಿನ ನಮ್ಮ ಬೀದಿಗಳಿಗೆ ಬಂದಿಳಿಯಿತು. ನಾನು ಹಿಲರಿ ಕ್ಲಿಂಟನ್ ಕಡೆ, ಎದುರು ಮನೆಯಾಕೆ ಒಬಾಮಾ ಕಡೆ. ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದವರ ಪರವಾಗಿ ಎಲ್ಲರೂ ಒಟ್ಟಿಗೆ ಮತ ಕೇಳಲೇಬೇಕಿತ್ತು. ಅದಕ್ಕೆ ತಯಾರಿ ಪ್ರೈಮರಿಯ ಜಗಳದ ನಡುವೆಯೇ ಆಗಬೇಕು ಎಂದು ನಾವಿಬ್ಬರೂ ನಂಬಿದ್ದೆವು.

ಆಗ ಕರ್ನಾಟಕದಲ್ಲೂ ವಿಧಾನಸಭೆ ಚುನಾವಣೆಯ ಕಾಲ. ಮೈಸೂರಿನಿಂದ ಅಣ್ಣ ಫೋನ್ ಮಾಡಿದಾಗಲೆಲ್ಲ ಟಿಕೆಟ್ ತಪ್ಪಿದವರ ಬಂಡಾಯದ್ದೇ ಮಾತು. ಅಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್, ಸಿಟ್ಟೂ ಅದರ ಮೇಲೆಯೇ. ಇಲ್ಲಿ ಅಭ್ಯರ್ಥಿಯನ್ನು ಆರಿಸುವುದು ಸಾಮಾನ್ಯ ಮತದಾರರು. ಸೋತವರ ಸಿಟ್ಟು ನೆರೆಮನೆಯವರ ಮೇಲೆ ತಿರುಗುತ್ತದೆ. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಾದ ಡೆಲಿಗೇಟ್‌ಗಳೂ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಹೋಗುತ್ತಾರೆ. ನಮ್ಮ ರಾಜ್ಯದಲ್ಲಿ ಗೆದ್ದ ಕ್ಲಿಂಟನ್‌ಗೆ 158ರಲ್ಲಿ ಸಿಕ್ಕಿದ್ದು 85, ಒಬಾಮಾಗೆ 73. ಹೀಗಾಗಿ ಯಾರೂ ಪೂರ್ತಿ ಸೋಲದೆ ಹಣಾಹಣಿ ಜೂನ್‌ವರೆಗೆ ಎಳೆಯಿತು.

ಮೊದಲು ಹಿಡಿದದ್ದು ಮತದಾರರ ನೋಂದಣಿ. ಪೆನ್ಸಿಲ್ವೇನಿಯಾದಲ್ಲಿ ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತ. ಕಡೇ ದಿನ ಮಾರ್ಚ್ 24. ಎರಡು ಬಣಕ್ಕೂ ಸೇರಿಸಿ ಒಂದೇ ಮೇಜು ಹಾಕಿದೆವು. ಬಂದವರನ್ನು ಯಾರಿಗೆ ಹಾಕುತ್ತೀರೆಂದು ಕೇಳಕೂಡದು, ಅಷ್ಟೇ ಕಟ್ಟಳೆ.

ಆಮೇಲೆ ಕರಪತ್ರ. ಬೀದಿಯಲ್ಲಿ ಹಂಚುವ ಒಂದು ಹಾಳೆಯಲ್ಲಿ ಕ್ಲಿಂಟನ್ ಬಗ್ಗೆ ನಾನು, ಒಬಾಮಾ ಬಗ್ಗೆ ಎದುರು ಮನೆಯಾಕೆ ಬರೆಯುತ್ತಿದ್ದೆವು. ಅಚ್ಚಿಗೆ ಹೋಗುವ ಮೊದಲು ನನ್ನದನ್ನು ಆಕೆ, ಆಕೆಯದನ್ನು ನಾನು ಓದಬೇಕು. ಆರೋಗ್ಯ ವಿಮೆಯ ವಿಷಯದಲ್ಲಿ ದೊಡ್ಡ ಜಟಾಪಟಿಯೇ ಆಯಿತು. ಕ್ಲಿಂಟನ್ ಯೋಜನೆಯಲ್ಲಿ ವಿಮೆ ಎಲ್ಲರಿಗೂ ಕಡ್ಡಾಯ, ಒಬಾಮಾ ಯೋಜನೆಯಲ್ಲಿ ಮಕ್ಕಳಿಗೆ ಮಾತ್ರ. ನಮ್ಮದನ್ನು ಆಕೆ ದಬ್ಬಾಳಿಕೆ ಎಂದರು, ಅವರದು ಬಡವರನ್ನು ನಡುನೀರಲ್ಲಿ ಕೈಬಿಡುತ್ತದೆ ಎಂದು ನಾನಂದೆ. ಕೊನೆಗೆ ಆ ಮಾತುಗಳನ್ನೆಲ್ಲ ಹೊಡೆದುಹಾಕಿ, ಎರಡು ಯೋಜನೆಗಳಲ್ಲಿ ಏನಿದೆಯೋ ಅಷ್ಟನ್ನೇ ಪಕ್ಕಪಕ್ಕ ಅಚ್ಚು ಹಾಕಿಸಿದೆವು. (2010ರಲ್ಲಿ ಒಬಾಮಾ ಸಹಿ ಮಾಡಿದ ಕಾಯ್ದೆಯಲ್ಲಿ ವಿಮೆ ವಯಸ್ಕರಿಗೂ ಕಡ್ಡಾಯವಾದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.)

ಪ್ರತಿ ಹಾಳೆಯ ಕೆಳತುದಿಯಲ್ಲಿ ಒಂದು ಸಾಲು ತಪ್ಪದೆ ಇರುತ್ತಿತ್ತು: ರಾಜ್ಯದ ಕೆಳಮನೆಯಲ್ಲಿ ಡೆಮಾಕ್ರಟರು 102, ರಿಪಬ್ಲಿಕನ್ನರು 101. ಅದಕ್ಕೂ ನವೆಂಬರಿನಲ್ಲೇ ಚುನಾವಣೆ. ನಮ್ಮವರು ಬರದಿದ್ದರೆ ನವೆಂಬರಿನಲ್ಲಿ ಮತಗಟ್ಟೆಗೇ ಕಾಲಿಡೆವು ಎನ್ನುತ್ತಿದ್ದವರೂ ಆ ಒಂದು ಸ್ಥಾನದ ಅಂತರ ನೋಡಿ ಯೋಚನೆ ಮಾಡುತ್ತಿದ್ದರು. ಐಕ್ಯದ ಬಗ್ಗೆ ನಾವು ಮಾಡಿದ ಯಾವ ಭಾಷಣಕ್ಕೂ ಆ ಬಲವಿರಲಿಲ್ಲ.

ಜೂನ್ 7ರಂದು ಕ್ಲಿಂಟನ್ ಕಣದಿಂದ ಹಿಂದೆ ಸರಿದು ಒಬಾಮಾಗೆ ಬೆಂಬಲ ಘೋಷಿಸಿದರು. ನಾನು ಅತ್ತೆ. ಒಬಾಮಾ ಕಡೆಯ ಕೆಲವರು ಸ್ಟಿಕರ್ ಹಿಡಿದು ಆಗಲೇ ನಮ್ಮವರ ಮನೆಗಳಿಗೆ ಹೊರಟಿದ್ದರು. ಎದುರು ಮನೆಯಾಕೆ ತಡೆದರು. ಸೋತ ಕಡೆಯ ಮನೆಗಳಿಗೆ ಆ ಕಡೆಯವರೇ ಹೋಗಬೇಕು, ಅದೂ ಸ್ವಲ್ಪ ದಿನ ಬಿಟ್ಟು, ಎಂದು ಏಪ್ರಿಲ್‌ನಲ್ಲೇ ಒಪ್ಪಿಕೊಂಡಿದ್ದೆವು. ಯಾರು ಸೋಲುತ್ತಾರೆಂದು ಗೊತ್ತಿಲ್ಲದಾಗಲೇ ಆದ ಒಪ್ಪಂದ ಅದು, ಹಾಗಾಗಿ ಯಾರೂ ತಕರಾರು ತೆಗೆಯಲಿಲ್ಲ. ಜೂನ್ 27ರಂದು ಕ್ಲಿಂಟನ್, ಒಬಾಮಾ ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಊರಿನಲ್ಲಿ ಒಂದೇ ವೇದಿಕೆ ಹತ್ತಿದರು. ಆ ಊರಿನ ಪ್ರೈಮರಿಯಲ್ಲಿ ಇಬ್ಬರಿಗೂ ಬಿದ್ದಿದ್ದು ತಲಾ 107 ಮತ. ನಾನು ಮನೆ ಮನೆ ಸುತ್ತಲು ಶುರು ಮಾಡಿದ್ದು ಅದಾದ ಮೇಲೆ.

ಬಾಗಿಲಲ್ಲಿ ನಿಂತು ಒಬಾಮಾರನ್ನು ಹೊಗಳುತ್ತಿರಲಿಲ್ಲ. “ನಾನೂ ಹಿಲರಿಗೇ ಹಾಕಿದ್ದು” ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಹೆಂಗಸೆಂದು ಟಿವಿಯಲ್ಲಿ ಅವರನ್ನು ಹಗುರವಾಗಿ ಆಡಿಕೊಂಡದ್ದು, ಕ್ಲಿಂಟನ್‌ಗೆ ಹೆಚ್ಚು ಮತ ಬಿದ್ದಿದ್ದ ಫ್ಲಾರಿಡಾ, ಮಿಷಿಗನ್ ಡೆಲಿಗೇಟ್‌ಗಳಿಗೆ ಮೇ 31ರಂದು ಪಕ್ಷ ಅರ್ಧ ಮತ ಮಾತ್ರ ಕೊಟ್ಟದ್ದು, ಎಲ್ಲ ಹೊರಬರುತ್ತಿತ್ತು. ಅವು ನ್ಯಾಯವಾದ ನೋವುಗಳು. ಅಲ್ಲಗಳೆದಿದ್ದರೆ ಬಾಗಿಲು ಮುಚ್ಚುತ್ತಿತ್ತು. ಪೂರ್ತಿ ಕೇಳಿಸಿಕೊಂಡ ಮೇಲಷ್ಟೇ ಅಧ್ಯಕ್ಷರು ನ್ಯಾಯಾಧೀಶರನ್ನು ಹೆಸರಿಸುವ ಸುಪ್ರೀಂ ಕೋರ್ಟ್, ವಿಮೆ, ಆ ಒಂದು ಸ್ಥಾನದ ವಿಷಯ ಎತ್ತುತ್ತಿದ್ದೆ. ಹೆಚ್ಚಿನವರು ಬಂದರು. ಬಾರದವರನ್ನು ಕಾಡಲಿಲ್ಲ.

2016ರ ಪ್ರೈಮರಿಯಲ್ಲಿ ಕ್ಲಿಂಟನ್ ಗೆದ್ದು, ಅವರ ಎದುರಾಳಿ ಬರ್ನಿ ಸ್ಯಾಂಡರ್ಸ್ ಸೋತಾಗ ನಾನು ಗೆದ್ದ ಬಣದಲ್ಲಿದ್ದೆ. ಸ್ಯಾಂಡರ್ಸ್ ಪರ ಓಡಾಡಿದ ಹುಡುಗರ ಮನೆಪಟ್ಟಿಯನ್ನು ಅವರ ಕೈಯಲ್ಲೇ ಬಿಟ್ಟೆವು. ಗಂಟೆಗೆ 15 ಡಾಲರ್ ಕನಿಷ್ಠ ವೇತನ ಪಕ್ಷದ ಪ್ರಣಾಳಿಕೆಗೆ ಸೇರಿದ್ದು ಅವರ ಹೋರಾಟದಿಂದ ಎಂದು ಕರಪತ್ರದ ಮೊದಲ ಸಾಲಿನಲ್ಲೇ ಹಾಕಿದೆವು. ಆ ಸಾಲನ್ನು ಬರೆದವಳು ಅವರಲ್ಲೊಬ್ಬ ಹುಡುಗಿ. ನಾನು ಓದಿ ಅಚ್ಚಿಗೆ ಕಳಿಸಿದೆ.