ಬೀದಿ ನೃತ್ಯದ ಚಿತ್ರಕ್ಕೆ ವಿಮರ್ಶೆ ಬರೆಯುವ ಬಗೆ

ಹುಬ್ಬಳ್ಳಿಯಲ್ಲಿ ಬೀದಿ ನೃತ್ಯದ ಚಿತ್ರ ನೋಡಿ ವಿಮರ್ಶೆ ಬರೆಯುವವರು ‘ಕಥೆ ತೆಳು, ಕುಣಿತ ಚೆನ್ನ’ ಎಂಬ ಸವಕಲು ಮಾತಿಗೆ ನಿಲ್ಲಬಾರದು. 2010ರ ಬ್ರಿಟಿಷ್ ಚಿತ್ರ ‘ಸ್ಟ್ರೀಟ್‌ಡಾನ್ಸ್ 3ಡಿ’ಗೂ ಹಲವು ವಿಮರ್ಶಕರು ಇದೇ ತೀರ್ಪು ಕೊಟ್ಟಿದ್ದರು. ಎರಡನೆಯ ಸಲ ನೋಡುವಾಗ ಕಥೆಯನ್ನು ಬದಿಗಿಟ್ಟು, ನರ್ತಕ ಒಂದು ಕೈಯನ್ನು ನೆಲಕ್ಕೂರಿ, ಕಾಲುಗಳನ್ನು ಮೇಲೆತ್ತಿ ಗಕ್ಕನೆ ನಿಲ್ಲುವ ‘ಫ್ರೀಜ್’ ಪೂರ್ತಿ ಕಾಣುತ್ತದೆಯೋ ಅಥವಾ ನಡುವೆಯೇ ಸಂಕಲನದ ಕತ್ತರಿ ಬಿದ್ದಿದೆಯೋ ಗಮನಿಸಿರಿ. ನನ್ನ ಮಟ್ಟಿಗೆ ವಿಮರ್ಶೆಯ ಜೀವ ಇಲ್ಲಿಯೇ ಇದೆ, ಏಕೆಂದರೆ ಪಾದ ಕಾಣದ ಕುಣಿತದಲ್ಲಿ ನರ್ತಕನ ಶ್ರಮವನ್ನು ಅಳೆಯಲಾಗದು. ಬೀದಿ ನೃತ್ಯದ ಶೈಲಿಗಳಲ್ಲಿ, ನೆಲಕ್ಕೆ ಕೈಯೂರಿ ತಿರುಗುವ ಬ್ರೇಕಿಂಗ್ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದದ್ದು, ಚಲನೆಯ ನಡುವೆ ಕೈಕಾಲುಗಳನ್ನು ಕ್ಷಣ ಬಿಗಿಹಿಡಿದು ಮುಂದುವರಿಯುವ ಲಾಕಿಂಗ್ ಲಾಸ್ ಏಂಜಲೀಸಿನದು. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿರಿ. ಗುಂಪಿನ ನಡುವೆ ಒಬ್ಬೊಬ್ಬರೇ ಕುಣಿಯುವ ರೀತಿಯನ್ನು ವಿವರಿಸಲು, ಹೋಳಿಯಲ್ಲಿ ಜಗ್ಗಲಗಿ ಎಂಬ ದೊಡ್ಡ ಚರ್ಮವಾದ್ಯದ ಬಡಿತಕ್ಕೆ ಜನ ಸುತ್ತುಗಟ್ಟುವುದನ್ನು ನೆನಪಿಸಿದರೆ ನಮ್ಮ ಓದುಗರಿಗೆ ಬೇಗ ತಿಳಿಯುತ್ತದೆ. ನಟನೆ, ಸಂಭಾಷಣೆಗಳಿಗೆ ಎರಡು ಸಾಲು ಸಾಕು.